ಒಂದೆಲಗ ಕಡಲು ದಾಟಿದ ಕಥೆ

ನಮ್ಮ ಮಹಾನಗರಗಳ ದೊಡ್ಡ ಅಂಗಡಿಗಳಲ್ಲಿ ಕೆಲವು ವರ್ಷಗಳಿಂದ ‘ಸಿಕಾ’ ಎಂಬ ಹೆಸರಿನ ಮುಲಾಮುಗಳು ಕಾಣಿಸಿಕೊಂಡಿವೆ. ಹೆಚ್ಚಿನವು ಕೊರಿಯಾ ದೇಶದವು, ಕೆಲವು ಫ್ರಾನ್ಸಿನವು. ಬಿಸಿಲು, ಗಡಸು ನೀರು, ಅತಿಯಾದ ಸಾಬೂನು ಇವುಗಳಿಂದ ಕೆಟ್ಟು ಉರಿಯುವ, ಹೊಟ್ಟೇಳುವ ಚರ್ಮವನ್ನು ತಣಿಸಿ ಮೊದಲಿನಂತೆ ಮಾಡುತ್ತೇವೆ ಎಂಬುದು ಅವುಗಳ ಭರವಸೆ. ಬೆಲೆ ಮಾತ್ರ ಸಂಸಾರಸ್ಥರು ಹಿಂದೆಮುಂದೆ ನೋಡುವಷ್ಟಿದೆ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಇಂಥದೊಂದು ಟ್ಯೂಬು ಸಿಕ್ಕೀತು. ಅದನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದುವ ತಾಳ್ಮೆಯಿದ್ದವರಿಗೆ ‘ಸೆಂಟೆಲ್ಲಾ ಏಷ್ಯಾಟಿಕಾ’ ಎಂಬ ಹೆಸರು ಕಾಣುತ್ತದೆ. ಇದು ಬೇರೆ ಯಾವುದೂ ಅಲ್ಲ, ನಮ್ಮ ಒಂದೆಲಗ.

ಗದ್ದೆಯ ಬದುವಿನಲ್ಲಿ, ಬಾವಿಕಟ್ಟೆಯ ಸುತ್ತ, ತೋಟದ ಕಾಲುವೆಯ ಅಂಚಿನಲ್ಲಿ, ಎಲ್ಲಿ ನೆಲ ತೇವವಾಗಿರುತ್ತದೋ ಅಲ್ಲಿ ತಾನಾಗಿ ಹಬ್ಬುವ ಬಳ್ಳಿ ಇದು. ಒಂದು ತೊಟ್ಟಿಗೆ ಒಂದೇ ಎಲೆ. ಹೆಸರಿಗೆ ಅದೇ ಕಾರಣ. ತುಳುವರು ಇದನ್ನು ತಿಮರೆ ಎನ್ನುತ್ತಾರೆ, ಕೊಂಕಣಿಗರು ಏಕಪಾನಿ, ತಮಿಳರು ವಲ್ಲಾರೈ, ಸಿಂಹಳದವರು ಗೊಟುಕೊಲ. ಸಂಸ್ಕೃತದ ಮಂಡೂಕಪರ್ಣಿಯೂ ಇದೇ. ಬ್ರಾಹ್ಮಿ ಎಂಬ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಆದರೆ ನೀರುಬ್ರಾಹ್ಮಿ ಎಂಬ ಇನ್ನೊಂದು ಸಸ್ಯಕ್ಕೂ ಅದೇ ಹೆಸರು ಇರುವುದರಿಂದ ಪಂಡಿತರಲ್ಲೂ ಅಂಗಡಿಯವರಲ್ಲೂ ಗೊಂದಲ ಇಂದಿಗೂ ಮುಗಿದಿಲ್ಲ. ಮಲೆನಾಡು, ಕರಾವಳಿಗಳಿಂದ ಬಂದವರಿಗೆ ಇಷ್ಟು ಪೀಠಿಕೆಯೂ ಬೇಡ. ತೆಂಗಿನಕಾಯಿ, ಜೀರಿಗೆ, ಮೆಣಸಿನೊಡನೆ ರುಬ್ಬಿ ಮಜ್ಜಿಗೆ ಬೆರೆಸಿದ ತಂಬುಳಿಯ ಹೆಸರು ಹೇಳಿದರೆ ಸಾಕು.

ತಂಬುಳಿ ಬಡಿಸುವಾಗ ನಮ್ಮ ಮನೆಗಳಲ್ಲಿ ಹೇಳುತ್ತಿದ್ದುದು ಮಾತ್ರ ಚರ್ಮದ ಮಾತಲ್ಲ. “ತಿನ್ನು, ಬುದ್ಧಿ ಚುರುಕಾಗುತ್ತದೆ, ಪಾಠ ನೆನಪಿರುತ್ತದೆ” ಎಂಬುದೇ ಉಪದೇಶ. ಇದಕ್ಕೆ ಹಳೆಯ ಆಧಾರವಿದೆ. ಚರಕ ಸಂಹಿತೆ ಮೇಧ್ಯ ರಸಾಯನಗಳ ಸಾಲಿನಲ್ಲಿ ಮಂಡೂಕಪರ್ಣಿಯ ರಸವನ್ನು ಹೇಳುತ್ತದೆ. ಸುಶ್ರುತ ಸಂಹಿತೆಯಲ್ಲಿ ಅದು ಕಹಿ ಸೊಪ್ಪುಗಳ ಗುಂಪಿನಲ್ಲಿ ಬರುತ್ತದೆ. ಆ ಗುಂಪು ಪರಿಹರಿಸುವ ರೋಗಗಳ ಪಟ್ಟಿಯಲ್ಲಿ ಕುಷ್ಠದ ಹೆಸರೂ ಇದೆ. ಆಯುರ್ವೇದದ ಕುಷ್ಠ ಎಂಬ ಪದ ನಾವಿಂದು ಹೇಳುವ ಒಂದು ರೋಗಕ್ಕೆ ಸೀಮಿತವಲ್ಲ. ಹಲವು ಬಗೆಯ ಚರ್ಮರೋಗಗಳೆಲ್ಲ ಅದರೊಳಗೆ ಸೇರುತ್ತವೆ. ಹೀಗೆ ಚರ್ಮದ ನಂಟು ಹಳೆಯದೇ ಆದರೂ ಮನೆಮಾತಿನಲ್ಲಿ ಉಳಿದದ್ದು ಬುದ್ಧಿಯ ನಂಟು. ಚರ್ಮದ ಔಷಧಿಯಾಗಿ ಅದು ಲೋಕಪ್ರಸಿದ್ಧವಾದದ್ದು ಬೇರೆ ದಾರಿಯಲ್ಲಿ, ಬೇರೆ ನೆಲಗಳಲ್ಲಿ, ಊರು ಹೊರಗಿಟ್ಟ ಜನರ ಹುಣ್ಣುಗಳ ಮೂಲಕ. ಸೌಂದರ್ಯದ ಡಬ್ಬಿಯ ಮೇಲೆ ಆ ಕಥೆಯನ್ನು ಯಾರೂ ಅಚ್ಚು ಹಾಕುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಯುರೋಪಿನವರ ಗ್ರಂಥಗಳಿಗೆ ಈ ಎಲೆ ನಮ್ಮ ಪಶ್ಚಿಮ ಕರಾವಳಿಯಿಂದಲೇ ಹೋಯಿತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳನ್ನೆಲ್ಲ ಬರೆಸಿ, ಚಿತ್ರ ತೆಗೆಸಿ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವನ್ನು ಆಂಸ್ಟರ್‌ಡ್ಯಾಮಿನಲ್ಲಿ ಪ್ರಕಟಿಸಿದ. ಅವನಿಗೆ ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುದನ್ ಎಂಬ ಈಳವ ವೈದ್ಯ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಅವರ ಹೇಳಿಕೆಗಳು ಅವರ ಹೆಸರಿನೊಡನೆಯೇ ಗ್ರಂಥದಲ್ಲಿ ಅಚ್ಚಾಗಿವೆ. ಆ ಕಾಲಕ್ಕೆ ಇದೊಂದು ದೊಡ್ಡತನವೇ ಸರಿ. 1753ರಲ್ಲಿ ಲಿನೇಯಸ್ ಈ ಸಸ್ಯಕ್ಕೆ ‘ಹೈಡ್ರೋಕಾಟೈಲ್ ಏಷ್ಯಾಟಿಕಾ’ ಎಂದು ಹೆಸರಿಟ್ಟ. ಈಗಿನ ಹೆಸರು 1879ರಲ್ಲಿ ಬಂದದ್ದು.

ಮುಂದಿನ ಅಧ್ಯಾಯ ಮಾರಿಷಸ್ ದ್ವೀಪದ್ದು. ಕಬ್ಬಿನ ಗದ್ದೆಗಳ ಕೂಲಿಗಾಗಿ 1834ರಿಂದ ನಮ್ಮ ದೇಶದ ಸಾವಿರಾರು ಜನರನ್ನು ಕರಾರಿನ ಮೇಲೆ ಹಡಗು ಹತ್ತಿಸಿ ಒಯ್ದ ದ್ವೀಪ ಅದು. ಅಲ್ಲಿ ಬ್ವಾಲೋ ಎಂಬ ವೈದ್ಯರಿದ್ದರು. ಸ್ವತಃ ಅವರಿಗೇ ಕುಷ್ಠರೋಗ ತಗಲಿತ್ತೆಂದು ಹಳೆಯ ಔಷಧಗ್ರಂಥಗಳು ಹೇಳುತ್ತವೆ. 1852ರ ಸುಮಾರಿಗೆ ಅವರು ಈ ಎಲೆಯನ್ನು ಬಳಸಿ ನೋಡಿ, ಕುಷ್ಠಕ್ಕೆ ಇದು ಮದ್ದೆಂದು ಹೊರಗೆ ತಿಳಿಸಿದರು. ಕುಷ್ಠರೋಗದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸನ್ ಕಂಡದ್ದು 1873ರಲ್ಲಿ. ಅಂದರೆ ರೋಗಕ್ಕೆ ಕಾರಣವೇನೆಂದು ಯಾರಿಗೂ ತಿಳಿಯದ ಕಾಲ ಅದು. ತನ್ನ ಕೈಕಾಲು ಕಣ್ಣೆದುರಿಗೇ ಹಾಳಾಗುತ್ತಿರುವಾಗ ವೈದ್ಯನೊಬ್ಬ ಒಂದು ಸೊಪ್ಪಿನಲ್ಲಿ ಭರವಸೆ ಇಟ್ಟನೆಂದರೆ ನಗುವ ಹಕ್ಕು ನಮಗಿಲ್ಲ.

ಸುದ್ದಿ ಮದರಾಸಿಗೆ ಬಂತು. ಅಲ್ಲಿನ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಹಂಟರ್ ಎಂಬ ವೈದ್ಯರು 1855ರಲ್ಲಿ ಅದನ್ನು ಪರೀಕ್ಷಿಸಿದರು. ಅವರ ತೀರ್ಮಾನವನ್ನು ಮೆಚ್ಚಬೇಕು: ಇದು ಕುಷ್ಠವನ್ನು ಗುಣಪಡಿಸುವ ಮದ್ದಲ್ಲ, ಆದರೆ ರೋಗಿಯ ಕಷ್ಟವನ್ನು ಕಡಿಮೆ ಮಾಡುತ್ತದೆ, ಮೈ ಸುಧಾರಿಸುತ್ತದೆ. ಅತ್ತ ಪಾಂಡಿಚೇರಿಯಲ್ಲಿ ಲೆಪೀನ್ ಎಂಬ ಫ್ರೆಂಚ್ ಔಷಧತಜ್ಞ ಎಲೆಯ ಸತ್ತ್ವ ತೆಗೆಯಲು ಹೋಗಿ, ಸಿಕ್ಕ ಪದಾರ್ಥಕ್ಕೆ ತಮಿಳಿನ ವಲ್ಲಾರೈಯಿಂದ ‘ವೆಲ್ಲರಿನ್’ ಎಂದು ಹೆಸರಿಟ್ಟ. ಆ ಹೆಸರು ಬಹಳ ದಿನ ಬಾಳಲಿಲ್ಲ. 1868ರಲ್ಲಿ ಹೊರಬಂದ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ದಲ್ಲಿ ಒಂದೆಲಗಕ್ಕೆ ಸ್ಥಾನ ಸಿಕ್ಕಿತು. ಗದ್ದೆಬದುವಿನ ಸೊಪ್ಪು ಸರಕಾರಿ ಮದ್ದಾಯಿತು.

ಇಲ್ಲಿ ಕುಷ್ಠರೋಗ ಚರ್ಮಕ್ಕೆ ಮಾಡುವ ಹಾನಿಯನ್ನು ಸ್ವಲ್ಪ ವಿವರಿಸಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮ ಚರ್ಮದ ಅತಿ ಹೊರಗಿನ ಪದರ ಕಾಗದಕ್ಕಿಂತ ತೆಳುವಾದದ್ದು. ಅದರಲ್ಲಿರುವುದು ಸತ್ತ ಕೋಶಗಳು. ಬಹುಕಾಲ ವೈದ್ಯರು ಅದನ್ನು ಕೇವಲ ಹೊಟ್ಟೆಂದೇ ಎಣಿಸಿದ್ದರು. ಆದರೆ ಒಳಗಿನ ನೀರು ಆರಿಹೋಗದಂತೆ, ಹೊರಗಿನ ವಿಷ ಒಳಬಾರದಂತೆ ಕಾಯುವುದು ಅದೇ ಪದರ. ಇಟ್ಟಿಗೆಯ ಗೋಡೆ ಇದ್ದಂತೆ: ಸತ್ತ ಕೋಶಗಳೇ ಇಟ್ಟಿಗೆ, ಅವುಗಳ ನಡುವಣ ಜಿಡ್ಡೇ ಗಾರೆ. ಈ ಹೋಲಿಕೆಯನ್ನು 1980ರ ದಶಕದಲ್ಲಿ ಸಾನ್‌ಫ್ರಾನ್ಸಿಸ್ಕೋದ ಪೀಟರ್ ಇಲಾಯಸ್ ಬಳಕೆಗೆ ತಂದರು. ಬಿಸಿಬಿಸಿ ನೀರು, ತೀಕ್ಷ್ಣವಾದ ಸಾಬೂನು ಗಾರೆಯನ್ನು ತೊಳೆದು ಹಾಕುತ್ತವೆ. ಗೋಡೆ ಬಿರುಕು ಬಿಡುತ್ತದೆ. ದೆಹಲಿಯ ಚಳಿಗಾಲದಲ್ಲಿ ಹಿಮ್ಮಡಿ ಒಡೆಯುವುದನ್ನು ಕಂಡ ನಮ್ಮವರಿಗೆ ಇದು ಗೊತ್ತಿರುವ ಕಷ್ಟವೇ.

ಕುಷ್ಠರೋಗದಲ್ಲಿ ಈ ಹಾನಿ ಹತ್ತು ಪಾಲು ಹೆಚ್ಚು. ನರಗಳು ಸಾಯುವುದರಿಂದ ಬೆವರು ನಿಲ್ಲುತ್ತದೆ. ಅಂಗೈ ಅಂಗಾಲು ಒಣಗಿ ಮರದ ತೊಗಟೆಯಂತಾಗಿ ಸೀಳುತ್ತವೆ. ಸ್ಪರ್ಶವಿಲ್ಲದ್ದರಿಂದ ಸೀಳಿದ್ದು ತಿಳಿಯುವುದಿಲ್ಲ, ಅದರ ಮೇಲೇ ನಡೆಯುತ್ತಾರೆ. ಕೀವಾಗುತ್ತದೆ, ಬೆರಳು ಹೋಗುತ್ತದೆ. ರೋಗವೇ ಬೆರಳನ್ನು ತಿನ್ನುತ್ತದೆಂದು ಜಗತ್ತು ನಂಬಿತ್ತು. ನೋವಿಲ್ಲದ ಗಾಯವೇ ಅದಕ್ಕೆ ಕಾರಣವೆಂದು 1946ರಿಂದ ವೆಲ್ಲೂರಿನಲ್ಲಿ ದುಡಿದ ಡಾ. ಪಾಲ್ ಬ್ರಾಂಡ್ ತೋರಿಸಿಕೊಟ್ಟರು. ಅಲ್ಲಿಯವರೆಗೆ ಹೆದರಿಕೆಯದೇ ರಾಜ್ಯ. 1898ರ ಕಾಯಿದೆಯಂತೆ ರೋಗಿಯನ್ನು ಹಿಡಿದು ಆಶ್ರಮಕ್ಕೆ ಸೇರಿಸಬಹುದಿತ್ತು. ಆ ಕಾಯಿದೆ ರದ್ದಾದದ್ದು 2016ರಲ್ಲಿ ಎಂದರೆ ಓದುಗರು ನಂಬಲಾರರು. ಮುಂಬಯಿಯವರು ವಡಾಲಾದಲ್ಲಿ ನೋಡುವ ಆಕ್ವರ್ತ್ ಆಸ್ಪತ್ರೆ 1890ರಲ್ಲಿ ನಿರ್ಗತಿಕ ಕುಷ್ಠರೋಗಿಗಳ ಆಶ್ರಯವಾಗಿ ಆರಂಭವಾದದ್ದು. (ಅದನ್ನು ಸ್ಥಾಪಿಸಿದ ಮುನಿಸಿಪಲ್ ಕಮಿಷನರ್ ಆಕ್ವರ್ತ್ ಮರಾಠಿ ಪೋವಾಡಗಳನ್ನು ಸಂಗ್ರಹಿಸಿದ ಆಕ್ವರ್ತ್ ಕೂಡ.)

ಮತ್ತೆ ಕಡಲಿಗೆ ಬರೋಣ. ಮಾರಿಷಸಿನ ಪಶ್ಚಿಮಕ್ಕೆ ಮಡಗಾಸ್ಕರ್ ಇದೆ. ಅಲ್ಲಿಯೂ ಒಂದೆಲಗ ಕಾಡುಗಿಡವಾಗಿ ಬೆಳೆಯುತ್ತದೆ. ಅಲ್ಲಿನವರು ತಾಲಪೆತ್ರಕ ಎನ್ನುತ್ತಾರೆ. 1941ರಲ್ಲಿ ಬೊಂತಾಂ ಎಂಬಾತ ಅದರಿಂದ ಒಂದು ಶುದ್ಧ ಪದಾರ್ಥವನ್ನು ಬೇರ್ಪಡಿಸಿ ‘ಅಸಿಯಾಟಿಕೋಸೈಡ್’ ಎಂದು ಕರೆದ. ಲೆಪೀನನಿಗೆ ಕೈಕೊಟ್ಟದ್ದು ಸುಮಾರು ತೊಂಬತ್ತು ವರ್ಷಗಳ ಅನಂತರ ಕೈಗೂಡಿತು. ಅದನ್ನು ಕುಷ್ಠರೋಗಿಗಳ ಮೇಲೆ ಪ್ರಯೋಗಿಸಲು ಮುಂದಾದವರು ಇಬ್ಬರು: ಫ್ರೆಂಚ್ ಸಸ್ಯಶಾಸ್ತ್ರಜ್ಞ ಪಿಯೆರ್ ಬ್ವಾತೋ ಮತ್ತು ಮಡಗಾಸ್ಕರಿನವರೇ ಆದ ವೈದ್ಯವಿಜ್ಞಾನಿ ಆಲ್ಬರ್ಟ್ ರಾಕೋತೋ ರಾತ್ಸಿಮಾಮಾಂಗ. ಕುಷ್ಠದ ಸೂಕ್ಷ್ಮಜೀವಿಗೆ ಮೇಣದಂಥ ಕವಚವಿದೆ, ಆ ಕವಚವನ್ನು ಈ ವಸ್ತು ಕರಗಿಸುತ್ತದೆ ಎಂಬುದು ಆಗಿನ ಊಹೆ. 1949ರಲ್ಲಿ ಬ್ವಾತೋ ಮತ್ತು ಸಂಗಡಿಗರ ಲೇಖನ ಪ್ರಸಿದ್ಧ ‘ನೇಚರ್’ ಪತ್ರಿಕೆಯಲ್ಲೂ ಬಂತು.

ಆದರೆ ಕುಷ್ಠವನ್ನು ಗೆದ್ದದ್ದು ಒಂದೆಲಗವಲ್ಲ. 1941ರಿಂದ ಅಮೆರಿಕದ ಕಾರ್ವಿಲ್ಲಿನಲ್ಲಿ ಸಲ್ಫೋನ್ ಜಾತಿಯ ಔಷಧಿಗಳ ಪ್ರಯೋಗ ನಡೆದಿತ್ತು. ಅವು ಫಲ ಕೊಟ್ಟವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಕುಷ್ಠ ಪೂರ್ತಿ ವಾಸಿಯಾಗುವ ರೋಗವಾಯಿತು. ಮಡಗಾಸ್ಕರಿನ ಸಂಶೋಧಕರು ಕೈಕಟ್ಟಿ ಕೂರಲಿಲ್ಲ. ರೋಗದ ಬೇರಿಗೆ ತಾಗದ ಈ ವಸ್ತು ಹುಣ್ಣುಗಳನ್ನು ಮಾಯಿಸುತ್ತಿದ್ದುದನ್ನು ಅವರು ಗಮನಿಸಿದ್ದರು. 1956ರಲ್ಲಿ ಬ್ವಾತೋ, ರಾತ್ಸಿಮಾಮಾಂಗ ಇಬ್ಬರೂ ಪ್ರಕಟಿಸಿದ ಬರಹದ ವಿಷಯವೇ ಅದು: ಬೇಗ ಮಾಯದ ಗಾಯಗಳಲ್ಲಿ ಅಸಿಯಾಟಿಕೋಸೈಡಿನ ಉಪಯೋಗ. ನೂರು ವರ್ಷಗಳ ಹಿಂದೆ ಮದರಾಸಿನ ಹಂಟರ್ ಹೇಳಿದ್ದೂ ಹೆಚ್ಚುಕಡಿಮೆ ಇದೇ ಅಲ್ಲವೆ?

ಫ್ರಾನ್ಸಿನ ಕಂಪನಿಯೊಂದು ಈ ಸತ್ತ್ವದಿಂದ ‘ಮಡೆಕಾಸೋಲ್’ ಎಂಬ ಗಾಯದ ಮುಲಾಮು ತಯಾರಿಸಿತು. ಮಡೆಕಾಸ್ ಎಂದರೆ ಹಳೆಯ ಫ್ರೆಂಚಿನಲ್ಲಿ ಮಡಗಾಸ್ಕರಿನದು ಎಂದರ್ಥ. 1970ರಲ್ಲಿ ಅದು ಕೊರಿಯಾ ಸೇರಿತು. ಅಲ್ಲಿ ಮನೆಮನೆಯ ಮುಲಾಮಾಯಿತು. ಆ ಪರಿಚಯದ ಬಲದ ಮೇಲೆಯೇ ಕೊರಿಯಾದವರು ಮುಂದೆ ಮುಖದ ಲೇಪಗಳಿಗೂ ಒಂದೆಲಗವನ್ನು ಇಳಿಸಿದರು. ‘ಸಿಕಾ’ ಎಂಬುದೂ ಗಾಯ ಮಾಯುವುದಕ್ಕೆ ಫ್ರೆಂಚರು ಹೇಳುವ ‘ಸಿಕಾತ್ರಿಸಾಸ್ಯೋಂ’ ಪದದ ತುಂಡು. ಡಬ್ಬಿಯ ಹಿಂದೆ ಅಸಿಯಾಟಿಕೋಸೈಡ್, ಮಡೆಕಾಸೋಸೈಡ್ ಎಂದು ಓದಿದಾಗ ಈ ಎಲೆ ನಡೆದ ಹಾದಿಯ ಎರಡು ಮೈಲುಗಲ್ಲುಗಳನ್ನು ಓದಿದಂತೆ.

ಮಾರುವವರು ಹೇಳುವ ಕಥೆ ಬೇರೆಯೇ ಇದೆ. ಗಾಯಗೊಂಡ ಹುಲಿಗಳು ಈ ಸೊಪ್ಪಿನ ಮೇಲೆ ಹೊರಳಾಡಿ ಗುಣವಾಗುತ್ತವಂತೆ, ಆದ್ದರಿಂದ ಇದು ‘ಹುಲಿ ಹುಲ್ಲು’ ಅಂತೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಹುಲಿಯೂ ಇದೆ, ಒಂದೆಲಗವೂ ಇದೆ. ಆದರೂ ಹೆಸರಿಡುವಾಗ ನಮ್ಮ ಹಿರಿಯರ ಕಣ್ಣಿಗೆ ಬಿದ್ದದ್ದು ಕಪ್ಪೆ! ಬ್ವಾಲೋನ ಕಥೆ, ರಾತ್ಸಿಮಾಮಾಂಗರ ಕಥೆ ಇದಕ್ಕಿಂತ ಕಡಿಮೆ ರೋಚಕವೇನಲ್ಲ. ಕುಷ್ಠ ಎಂಬ ಪದ ಮುಖದ ಮುಲಾಮಿನ ಪಕ್ಕ ನಿಲ್ಲಬಾರದೆಂಬುದೇ ವ್ಯಾಪಾರಿಯ ಸಂಕೋಚ ಎಂದು ನನಗೆ ತೋರುತ್ತದೆ.

ಹಾಗಾದರೆ ಹಚ್ಚಿದರೆ ಗುಣವುಂಟೆ? ಉಂಟು, ಆದರೆ ಅಳತೆ ಮೀರಿ ನಂಬಬಾರದು. ಒಂದೆಲಗದ ಸತ್ತ್ವ ಚರ್ಮದ ಕೋಶಗಳಲ್ಲಿ ಕೊಲಾಜೆನ್ ಎಂಬ ನಾರನ್ನು ಹೆಚ್ಚಿಸುತ್ತದೆಂದು ಫ್ರಾನ್ಸಿನ ಮಾಕಾರ್ ಮತ್ತು ಸಂಗಡಿಗರು 1990ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡರು. ಕೆಂಪು, ಉರಿಗಳನ್ನು ತಗ್ಗಿಸುವ ಗುಣವೂ ಅದಕ್ಕಿದೆ. ಗೋಡೆಯ ಗಾರೆ ಮಾತ್ರ ಅದಲ್ಲ. ಬಿರುಕು ಮುಚ್ಚಿ ನೀರು ಹೊರಹೋಗದಂತೆ ತಡೆಯುವುದು ಮುಲಾಮಿನಲ್ಲಿರುವ ಜಿಡ್ಡು. ಆ ಕೆಲಸವನ್ನು ಅಗ್ಗದ ವ್ಯಾಸಲೀನೂ ಚೆನ್ನಾಗಿ ಮಾಡುತ್ತದೆ. ಕೆಲವರಿಗೆ ಒಂದೆಲಗವೇ ಒಗ್ಗದೆ ತುರಿಕೆ, ಗುಳ್ಳೆ ಎದ್ದದ್ದನ್ನು ಚರ್ಮವೈದ್ಯರು ದಾಖಲಿಸಿದ್ದಾರೆ. ಹಸಿ ಸೊಪ್ಪನ್ನು ಜಜ್ಜಿ ಒಡೆದ ಚರ್ಮಕ್ಕೆ ಮೆತ್ತುವುದಂತೂ ಬೇಡ. ಅದು ಬೆಳೆಯುವ ಜೌಗಿನ ಕೊಳೆಯೆಲ್ಲ ಜೊತೆಗೆ ಬರುತ್ತದೆ. ಗ್ಯಾಲರಿಯ ಕುಂಡದಲ್ಲಿ ಬೆಳೆಸಿಕೊಂಡವರು ಚೆನ್ನಾಗಿ ತೊಳೆದು ತಂಬುಳಿ ಮಾಡಿಕೊಳ್ಳಲಿ.

ರಾತ್ಸಿಮಾಮಾಂಗ 1957ರಲ್ಲಿ ತಮ್ಮ ದೇಶದ ಗಿಡಮೂಲಿಕೆಗಳ ಸಂಶೋಧನೆಗೆಂದೇ ಒಂದು ಸಂಸ್ಥೆಯನ್ನು ಕಟ್ಟಿದರು, 1960ರಲ್ಲಿ ಮಡಗಾಸ್ಕರ್ ಸ್ವತಂತ್ರವಾದಾಗ ಫ್ರಾನ್ಸಿಗೆ ಅದರ ಮೊದಲ ರಾಯಭಾರಿಯಾದರು, 2001ರಲ್ಲಿ ತೀರಿಕೊಂಡರು. ಸತ್ತ್ವಕ್ಕೆ ಬೇಕಾದ ಸೊಪ್ಪನ್ನು ಅವರ ನಾಡಿನ ಹಳ್ಳಿಗರು ಕಾಡುಮೇಡುಗಳಿಂದ ಕಿತ್ತು ಒಣಗಿಸಿ ಮಾರುವುದು ನಡೆದೇ ಇದೆ. ಇತ್ತ ನಮ್ಮ ಕುಷ್ಠ ಆಸ್ಪತ್ರೆಗಳಲ್ಲಿ, ರೋಗ ವಾಸಿಯಾದರೂ ಸ್ಪರ್ಶ ಮರಳದವರಿಗೆ, ಕಲಿಸುವ ನಿತ್ಯದ ಪಾಠ ಬಹಳ ಸರಳವಾದದ್ದು: ಕಾಲನ್ನು ಸ್ವಲ್ಪ ಹೊತ್ತು ತಣ್ಣೀರಿನಲ್ಲಿ ನೆನೆಹಾಕುವುದು, ಒರಟಾದ ಚರ್ಮವನ್ನು ಮೆಲ್ಲನೆ ಉಜ್ಜಿ ತೆಗೆಯುವುದು, ಒದ್ದೆ ಆರುವ ಮೊದಲೇ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚುವುದು, ಆಮೇಲೆ ಅಂಗಾಲನ್ನು ಕಣ್ಣಾರೆ ನೋಡಿಕೊಳ್ಳುವುದು.