ಗ್ರಂಥಸೂಚಿಯೂ ಗಣಕಯಂತ್ರವೂ

ಪುಸ್ತಕಗಳನ್ನು ಕಾದಿಟ್ಟು ಕೇಳಿದವರಿಗೆ ಎತ್ತಿಕೊಡುವವನೇ ಗ್ರಂಥಪಾಲನೆಂಬ ಸಾಮಾನ್ಯ ಭಾವನೆಯು ಚರಿತ್ರೆಗೆ ಹೊಂದತಕ್ಕುದಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಗ್ರಂಥಲಿಪಿಯ ಓಲೆಕಟ್ಟನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಅಚ್ಚುಮಾಡಿಸಿದ ಆರ್. ಶಾಮಶಾಸ್ತ್ರಿಗಳು ಆ ಪುಸ್ತಕಾಲಯದ ಪಾಲಕರೇ ಆಗಿದ್ದರು. ಕೈಗೆ ಬಂದ ಗ್ರಂಥವು ಇಂಥದೆಂದು ನಿರ್ಣಯಿಸಿ ಸೂಚಿಯಲ್ಲಿ ಬರೆಯುವುದೇ ಈ ವೃತ್ತಿಯ ತಿರುಳು.

ಈ ನಿರ್ಣಯವು ಗ್ರಂಥಪಾಲನ ಮೇಜಿನಿಂದ ದೂರ ಸರಿದುದು ಯಂತ್ರದಿಂದಲ್ಲ, ಅಚ್ಚಿನ ಚೀಟಿಯಿಂದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ೧೯೦೧ರಲ್ಲಿ ಸೂಚಿಯ ಚೀಟಿಗಳನ್ನು ಅಚ್ಚುಹಾಕಿ ಮಾರತೊಡಗಿತು. ಒಬ್ಬರು ಬರೆದುದು ನೂರಾರು ಊರುಗಳಿಗೆ ಸಾಕಾಯಿತು. ೧೯೬೦ರ ದಶಕದಲ್ಲಿ ಹೆನ್ರಿಯೆಟ್ ಆವ್ರಮ್ ಎಂಬಾಕೆಯು ಅಲ್ಲಿಯೇ ರೂಪಿಸಿದ ‘ಮಾರ್ಕ್’ ಪದ್ಧತಿಯಿಂದ ಚೀಟಿಯು ಗಣಕಯಂತ್ರವು ಓದಬಲ್ಲ ದಾಖಲೆಯಾಯಿತು. ೨೦೧೫ರ ಅಕ್ಟೋಬರಿನಲ್ಲಿ ಓಹಾಯೋದ ಓಸಿಎಲ್‌ಸಿ ಸಂಸ್ಥೆಯು ತನ್ನ ಕಡೆಯ ಚೀಟಿಗಳನ್ನು ಅಚ್ಚುಮಾಡಿತು. ಶ್ರಮವು ಉಳಿಯಿತೆಂಬುದರಲ್ಲಿ ಸಂದೇಹವಿಲ್ಲ. ಓದುಗನ ಕಾಲವನ್ನು ಉಳಿಸಬೇಕೆಂದು ೧೯೩೧ರಲ್ಲಿ ಸೂತ್ರವಿತ್ತ ಎಸ್. ಆರ್. ರಂಗನಾಥನ್ ಅವರೂ ಇದನ್ನು ಒಪ್ಪುತ್ತಿದ್ದರೆಂದು ತೋರುತ್ತದೆ.

ಆದರೆ ಈ ಲಾಭದಲ್ಲಿ ಕನ್ನಡದ ಪಾಲು ಬೇರೆ. ಆ ದಾಖಲೆಗಳಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ದೀರ್ಘಕ್ಕೂ ಳಕಾರಕ್ಕೂ ಗುರುತುಗಳು ಇದ್ದವು, ನಿಜ. ಆ ಗುರುತುಗಳು ಬಿಟ್ಟುಹೋದಲ್ಲಿ ಮಲೆ, ಮಳೆ, ಮಾಲೆ ಮೂರೂ ಒಂದೇ ಪದವಾಗುತ್ತವೆ. ಹೀಗಾದುದನ್ನು ಗಣಕಯಂತ್ರವು ತಾನಾಗಿ ಕಾಣದು; ಕನ್ನಡ ಬಲ್ಲವನಿಗೆ ಮಾತ್ರ ಕಂಡೀತು.

೧೯೯೧ರಲ್ಲಿ ಹೊರಬಿದ್ದ ಯೂನಿಕೋಡ್ ಸಂಕೇತದಲ್ಲಿ ನಮ್ಮ ಲಿಪಿಗೂ ಸ್ಥಾನ ದೊರೆಯಿತು. ಕನ್ನಡದ ಹೆಸರನ್ನು ಕನ್ನಡದಲ್ಲಿಯೇ ದಾಖಲಿಸುವ ದಾರಿ ತೆರೆಯಿತು. ದಾರಿ ತೆರೆದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಅಂಬಿಕಾತನಯದತ್ತರೂ ದ. ರಾ. ಬೇಂದ್ರೆಯವರೂ ಒಬ್ಬರೇ, ಕುವೆಂಪು ಎಂದರೂ ಕೆ. ವಿ. ಪುಟ್ಟಪ್ಪ ಎಂದರೂ ಒಬ್ಬರೇ ಎಂಬುದನ್ನು ಯಾರಾದರೂ ನಿರ್ಣಯಿಸಿ ಬರೆದಿಟ್ಟಲ್ಲದೆ, ಒಂದು ಹೆಸರಿನಿಂದ ಹುಡುಕಿದ ವಿದ್ಯಾರ್ಥಿಗೆ ಮತ್ತೊಂದು ಹೆಸರಿನ ಗ್ರಂಥಗಳು ದೊರೆಯುವುದು ಅನಿಶ್ಚಿತ. ಗಣಕಯಂತ್ರವು ಬಂದುದರಿಂದ ಗ್ರಂಥಪಾಲನಿಗೆ ಪಾಂಡಿತ್ಯವು ಬೇಡವಾಯಿತೆಂಬ ವಾದವನ್ನು ನಾನು ಒಪ್ಪದಿರುವುದು ಇದರಿಂದಲೇ. ಗುರುತುಗಳಿಲ್ಲದ ಹಳೆಯ ದಾಖಲೆಯೊಂದನ್ನು ಕನ್ನಡಕ್ಕೆ ತಿರುಗಿಸಲು ಕುಳಿತವನು, ಅದು ಮಳೆಯೋ ಮಾಲೆಯೋ ಎಂದು ತಿಳಿಯಲು ಎಷ್ಟೋ ವೇಳೆ ಕಪಾಟಿನ ಬಳಿಗೆ ಹೋಗಿ, ಪುಸ್ತಕವನ್ನು ತೆಗೆದು, ಮುಖಪುಟವನ್ನು ಓದಬೇಕಾಗುತ್ತದೆ.