ವೇದಿಕೆಯ ಭಯ ಮತ್ತು ಇಬ್ಬರು ರಮಾಬಾಯಿಯರು

ಮೈಕ್ ಕೈಗೆ ಬಂದ ಕೂಡಲೇ ನಾಲಿಗೆ ಒಣಗುವುದು, ಕೈ ನಡುಗುವುದು, ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗುವುದು ನಮ್ಮಲ್ಲಿ ಹಲವರಿಗೆ ಚೆನ್ನಾಗಿ ಗೊತ್ತು. ಆಫೀಸಿನಲ್ಲಿ ದಿನವೂ ಪ್ರೆಸೆಂಟೇಶನ್ ಕೊಡುವವರು ಕೂಡ ಸಂಘದ ಕಾರ್ಯಕ್ರಮದಲ್ಲಿ ಎರಡು ಮಾತು ಆಡಿ ಎಂದರೆ ಹಿಂದೆ ಸರಿಯುತ್ತಾರೆ. "ಮಾತಾಡುವ ಕಲೆ ಹುಟ್ಟಿನಿಂದ ಬರಬೇಕು, ನನಗೆ ಬಂದಿಲ್ಲ" ಎನ್ನುವುದು ನಾವು ಕೊಡುವ ಕಾರಣ. ಇದು ಎಷ್ಟು ನಿಜ? ನಾವು ವಾಸವಾಗಿರುವ ಈ ಪುಣೆಯಲ್ಲೇ, 1880ರ ದಶಕದಲ್ಲಿ ಇದ್ದ ಇಬ್ಬರು ಮಹಿಳೆಯರ ಬದುಕಿನಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಇಬ್ಬರ ಹೆಸರೂ ರಮಾಬಾಯಿ.

ಮೊದಲನೆಯವರು ಪಂಡಿತಾ ರಮಾಬಾಯಿ. ಮಾತೃಭಾಷೆ ಮರಾಠಿಯಾದರೂ ಅವರು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಹತ್ತಿರದ ಮಾಳ. ಹೆಣ್ಣಿಗೆ ಸಂಸ್ಕೃತ ಕಲಿಸಬಾರದು ಎಂಬ ಕಟ್ಟಳೆಯನ್ನು ಮೀರಿ ಅವರು ಹೆಂಡತಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಊರೂರು ತಿರುಗಿ ಪುರಾಣ ಓದುವುದೇ ಕುಟುಂಬದ ಜೀವನವಾಗಿತ್ತು. ಬರಗಾಲದಲ್ಲಿ ತಂದೆ ತಾಯಿ ತೀರಿಕೊಂಡ ಮೇಲೆ ರಮಾಬಾಯಿ ಅಣ್ಣನ ಜೊತೆ ನಡೆದೇ ದೇಶ ಸುತ್ತಿದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಇವರ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಆಗ ಅವರಿಗೆ ಇಪ್ಪತ್ತು ವರ್ಷ. ಚಿಕ್ಕಂದಿನಿಂದ ಜನರ ಮುಂದೆ ಪುರಾಣ ಓದುತ್ತಾ ಬೆಳೆದವರಿಗೆ ಸಭೆ ಎನ್ನುವುದು ಹೊಸ ಜಾಗವಾಗಿರಲಿಲ್ಲ.

ಎರಡನೆಯವರು ರಮಾಬಾಯಿ ರಾನಡೆ. 1873ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ನ್ಯಾಯಾಧೀಶ ಮಹಾದೇವ ಗೋವಿಂದ ರಾನಡೆಯವರನ್ನು ಮದುವೆಯಾಗಿ ಪುಣೆಗೆ ಬಂದರು. ಅಕ್ಷರ ಗೊತ್ತಿರಲಿಲ್ಲ. ಗಂಡ ಅಕ್ಷರದಿಂದ ಶುರುಮಾಡಿ ಮರಾಠಿ, ಆಮೇಲೆ ಇಂಗ್ಲಿಷ್ ಕಲಿಸಲು ಹೊರಟರು. ಆದರೆ ಅದು ತುಂಬು ಕುಟುಂಬ. ಸೊಸೆ ಪುಸ್ತಕ ಹಿಡಿಯುವುದು ಮನೆಯ ಹಿರಿಯ ಹೆಂಗಸರಿಗೆ ಸರಿಬರಲಿಲ್ಲ. ಹೀಗೆ ಒಬ್ಬ ರಮಾಬಾಯಿಗೆ ಮನೆಯೇ ದನಿ ಕೊಟ್ಟಿತು, ಇನ್ನೊಬ್ಬರಿಗೆ ತಗ್ಗಿದ ದನಿಯೇ ಒಳ್ಳೆಯ ಸೊಸೆಯ ಲಕ್ಷಣ ಎಂದಿತು.

ರಾನಡೆಯವರಿಗೆ ನಾಶಿಕಕ್ಕೆ ವರ್ಗವಾಯಿತು. ರಮಾಬಾಯಿ ಮೊದಲ ಸಲ ಸಾರ್ವಜನಿಕವಾಗಿ ಮಾತಾಡಿದ್ದು ಅಲ್ಲಿ, ಶಾಲೆಯೊಂದರ ಸಮಾರಂಭದಲ್ಲಿ. ಆ ಭಾಷಣವನ್ನು ಬರೆದುಕೊಟ್ಟವರು ಗಂಡ. ಮುಂದೆ ದೊಡ್ಡ ಸಭೆಗಳನ್ನು ನಡೆಸಿದ ಮಹಿಳೆಯ ಮೊದಲ ಮಾತು ಇನ್ನೊಬ್ಬರು ಬರೆದುಕೊಟ್ಟದ್ದಾಗಿತ್ತು ಎಂಬುದನ್ನು ನಾವು ನೆನಪಿಡಬೇಕು.

ಇಬ್ಬರು ರಮಾಬಾಯಿಯರೂ ಒಟ್ಟಾದದ್ದು 1882ರಲ್ಲಿ. ಅದಾಗಲೇ ಗಂಡನನ್ನು ಕಳೆದುಕೊಂಡಿದ್ದ ಪಂಡಿತಾ ರಮಾಬಾಯಿ ಪುಟ್ಟ ಮಗಳ ಜೊತೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ವೈದ್ಯೆಯರು ಬೇಕೆಂದು ಹೇಳಿಕೆ ಕೊಟ್ಟರು. ಸಮಾಜದ ಸಭೆಗಳಿಗೆ ರಮಾಬಾಯಿ ರಾನಡೆಯೂ ಹೋಗತೊಡಗಿದರು. ಹೆಂಗಸರೇ ಸೇರುತ್ತಿದ್ದ ಆ ಸಭೆಯಲ್ಲಿ ಒಬ್ಬ ಹೆಣ್ಣು ನಿಂತು ನಿರರ್ಗಳವಾಗಿ ಮಾತಾಡುವುದನ್ನು ಕಣ್ಣಾರೆ ಕಾಣುವ ಅವಕಾಶ ಅವರಿಗೆ ಸಿಕ್ಕಿತು.

ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಹೈಸ್ಕೂಲು ಬೇಕೆಂದು ಮುಂಬಯಿ ಗವರ್ನರ್ ಸರ್ ಜೇಮ್ಸ್ ಫರ್ಗುಸನ್ನರಿಗೆ ಮನವಿ ಸಲ್ಲಿಸುವ ಸಭೆ ಏರ್ಪಟ್ಟಾಗ, ಇಂಗ್ಲಿಷಿನಲ್ಲಿ ಮನವಿಪತ್ರ ಓದಿದವರು ರಮಾಬಾಯಿ ರಾನಡೆ. ಗಂಡಸರು ತುಂಬಿದ ಸಭೆ, ಪರಭಾಷೆ. ಅದನ್ನು ಗೆದ್ದು ಮನೆಗೆ ಬಂದರೆ ಕಾದಿದ್ದದ್ದು ಮನೆಯ ಹೆಂಗಸರ ಚುಚ್ಚುಮಾತು. 1910ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಅವರು ಇದನ್ನೆಲ್ಲ ಬರೆದಿದ್ದಾರೆ. ವೇದಿಕೆಯ ಭಯವೆಂದರೆ ಎದುರಿಗೆ ಕೂತ ಅಪರಿಚಿತರ ಭಯವಷ್ಟೇ ಅಲ್ಲ. ಇಳಿದು ಬಂದ ಮೇಲೆ ನಮ್ಮವರೇ ಏನೆನ್ನುತ್ತಾರೋ ಎನ್ನುವುದು ಅದಕ್ಕಿಂತ ದೊಡ್ಡ ಭಯ. ಆ ಮಾತುಗಳನ್ನು ಸಹಿಸಿಕೊಂಡು ಅವರು ಮತ್ತೆ ಸಭೆಗೆ ಹೋದರು. 1884ರಲ್ಲಿ ಶಾಲೆ ತೆರೆಯಿತು. ಅದೇ ಹುಜೂರ್‌ಪಾಗಾ. ನಾವು ಸೀರೆ ಕೊಳ್ಳಲು ಹೋಗುವ ಲಕ್ಷ್ಮೀ ರಸ್ತೆಯಲ್ಲಿ ಇಂದಿಗೂ ನಡೆಯುತ್ತಿದೆ.

ರಾನಡೆಯಂಥ ಗಂಡ ಬೆನ್ನಿಗಿದ್ದರೆ ಯಾರಾದರೂ ಮಾತಾಡುತ್ತಾರೆ ಎಂದು ಕೆಲವರಿಗೆ ಅನ್ನಿಸಬಹುದು. 1901ರಲ್ಲಿ ರಾನಡೆ ತೀರಿಕೊಂಡರು. ರಮಾಬಾಯಿ ಸುಮಾರು ಒಂದು ವರ್ಷ ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಬಂದವರು ನಿಲ್ಲಲಿಲ್ಲ. 1904ರಲ್ಲಿ ಮುಂಬಯಿಯಲ್ಲಿ ನಡೆದ ಭಾರತ ಮಹಿಳಾ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1909ರಲ್ಲಿ ಪುಣೆಯಲ್ಲಿ ಸೇವಾಸದನ ಕಟ್ಟಿದರು. ಹೆಣ್ಣುಮಕ್ಕಳಿಗೂ ಕಡ್ಡಾಯ ಶಿಕ್ಷಣ ಬೇಕು, ಹೆಂಗಸರಿಗೂ ಮತದಾನದ ಹಕ್ಕು ಬೇಕು ಎಂದು 1924ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. ಬರೆದುಕೊಡುವವರು ಇಲ್ಲವಾದಾಗ ಮಾತು ಅವರದ್ದೇ ಆಗಿತ್ತು.

ಒಬ್ಬರಿಗೆ ಬಾಲ್ಯದಲ್ಲೇ ಸಿಕ್ಕ ರೂಢಿಯನ್ನು ಇನ್ನೊಬ್ಬರು ಮೆಟ್ಟಿಲು ಮೆಟ್ಟಿಲಾಗಿ ಸಂಪಾದಿಸಿದರು. ಮೊದಲು ಬರೆದದ್ದನ್ನು ಓದುವುದು, ಆಮೇಲೆ ನಮ್ಮವರೇ ಇರುವ ಸಣ್ಣ ಕೂಟ, ನಂತರ ದೊಡ್ಡ ಸಭೆ. ಇಂಥ ಸಣ್ಣ ಕೂಟ ಇಂದು ನಮಗೂ ಇದೆ, ಅದೇ ನಮ್ಮ ಮಹಿಳಾ ವೇದಿಕೆ. ಕೈಯಲ್ಲಿ ಚೀಟಿ ಹಿಡಿದು ಓದಿದರೂ ಪರವಾಗಿಲ್ಲ, ಕನ್ನಡದ ನಡುವೆ ಮರಾಠಿ ಶಬ್ದ ನುಸುಳಿದರೂ ಪರವಾಗಿಲ್ಲ. ಓದಿ ಇಳಿದು ಬಂದ ಗೆಳತಿಯ ತಪ್ಪು ಎಣಿಸದೆ, "ಮುಂದಿನ ಸಲವೂ ನೀವು ಮಾತಾಡಬೇಕು" ಎಂದು ಹೇಳುವ ಕೆಲಸ ಮಾತ್ರ ಕೆಳಗೆ ಕೂತ ನಮ್ಮದು.