ಕಾರಿನೊಳಗೆ ಭಾಗವತಿಕೆ



ಹತ್ತನೆಯ ತರಗತಿಯಲ್ಲಿ ನನ್ನಿಂದ ವಿಜ್ಞಾನ ಪಾಠ ಹೇಳಿಸಿಕೊಂಡವರಿಗೆ ಒಂದು ಹಳೆಯ ಸ್ಪೀಕರು ನೆನಪಿರಬಹುದು. ವಿದ್ಯುತ್ತಿನ ಕಾಂತೀಯ ಪರಿಣಾಮದ ಪಾಠ ಬಂದಾಗಲೆಲ್ಲ ಅದನ್ನು ಬಟ್ಟೆಯ ಚೀಲದಿಂದ ಹೊರತೆಗೆದು ಮೇಜಿನ ಮೇಲಿಡುತ್ತಿದ್ದೆ. ಟಾರ್ಚಿನ ಸೆಲ್ಲಿನಿಂದ ಎರಡು ತಂತಿ ತಾಗಿಸಿದರೆ ಕಾಗದದ ಶಂಕು ‘ಟಕ್’ ಎಂದು ಹಾರುತ್ತಿತ್ತು. ಹಿಂದಿನ ಬೆಂಚಿನವರೂ ಆಗ ಎಚ್ಚರಾಗುತ್ತಿದ್ದರು. ಅದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಳೆದ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದಿಂದ ಅಕ್ಕನ ಮಗ ಫೋನು ಮಾಡಿದಾಗ ಆ ಕಥೆ ಹೇಳಬೇಕಾಗಿ ಬಂತು.

ಅವನ ಬಳಿ ಒಂದು ಮಾಜ್ಡಾ ಮಿಯಾಟಾ ಕಾರಿದೆ. ಎರಡೇ ಆಸನ, ಮಡಚಿ ಹಿಂದಕ್ಕೆ ಸರಿಸಬಹುದಾದ ಮಾಡು. 1989ರಲ್ಲಿ ಶಿಕಾಗೋದ ಕಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, ಮುಂದೆ ಹತ್ತು ಲಕ್ಷಕ್ಕೂ ಮಿಕ್ಕಿ ತಯಾರಾದ ಸ್ಪೋರ್ಟ್ಸ್ ಕಾರು ಅದು. ಇವನದು ಆ ಮೊದಲ ತಲೆಮಾರಿನದು, ಯಾರೋ ಓಡಿಸಿ ಬಿಟ್ಟದ್ದು. “ಮಾವ, ಕಂಪನಿ ಸ್ಪೀಕರ್ ತೆಗ್ದ್ ಬೇರೆ ಹಾಕುಕ್ ಹೊರ್ಟಿದೆ. ಅಪ್ಪಯ್ಯ ಆಗ ಪದ್ಮಿನಿಗೆ ಎಂತ ಹಾಕ್ಸಿದ್ರ್?” ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ವಾಹನದೊಳಗೆ ಹಾಡು ಕೇಳುವ ಆಸೆಗೆ ಹತ್ತಿರಹತ್ತಿರ ನೂರು ವರ್ಷ. ಇಂದು ನಾವು ಬಳಸುವ ಸ್ಪೀಕರಿನ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದರು. ಐದು ವರ್ಷಗಳ ನಂತರ, 1930ರಲ್ಲಿ, ಶಿಕಾಗೋದ ಪಾಲ್ ಗ್ಯಾಲ್ವಿನ್ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೋ ಜೋಡಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ್ದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಒಳಗೆ ಮಳಿಗೆ ಇಲ್ಲದ್ದರಿಂದ ಹೊರಗೆ ಕಾರು ನಿಲ್ಲಿಸಿ ಬಂದವರಿಗೆ ಕೇಳಿಸಿದ. ಮೋಟಾರಿಗೆ ವಿಕ್ಟ್ರೋಲಾದ ಬಾಲ ಸೇರಿಸಿ ಅವನು ಇಟ್ಟ ಹೆಸರೇ ಮೋಟೊರೋಲಾ. ಮುಂದೆ ನಿರ್ವಾತ ಕವಾಟಗಳು ಹೋಗಿ ಟ್ರಾನ್ಸಿಸ್ಟರು ಬಂತು. 1963ರಲ್ಲಿ ಫಿಲಿಪ್ಸ್ ಕಂಪನಿ ಅಂಗೈಯಗಲದ ಕ್ಯಾಸೆಟ್ಟನ್ನು ತಂದಿತು. ನಮ್ಮ ಊರಿನ ಚರಿತ್ರೆ ಆರಂಭವಾಗುವುದು ಈ ಕ್ಯಾಸೆಟ್ಟಿನಿಂದಲೇ.

ನಾನು ಹುಡುಗನಾಗಿದ್ದಾಗ ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸು ಕಟ್ಟಬೇಕಿತ್ತು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಗಿ, ಬ್ರಹ್ಮಾವರದಲ್ಲಿ ಅದರ ಪ್ರಸಾರ ಸ್ತಂಭ ಎದ್ದು ನಿಂತಾಗ ನಮ್ಮ ಕಡೆಯ ರೇಡಿಯೋಗಳಿಗೆ ಹೊಸ ಜೀವ ಬಂತು. ಆದರೆ ರೇಡಿಯೋ ತನಗೆ ಬೇಕಾದ ಹೊತ್ತಿಗೆ ಹಾಡುತ್ತದೆ. ಕ್ಯಾಸೆಟ್ಟು ನಮಗೆ ಬೇಕಾದ ಹೊತ್ತಿಗೆ. ಎಂಬತ್ತರ ದಶಕದಲ್ಲಿ ಗಲ್ಫ್ ದೇಶಗಳಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಸೆಂಟು ಬಾಟಲಿಗಳ ನಡುವೆ ಪ್ಯಾನಸೋನಿಕ್ ಟು-ಇನ್-ಒನ್ ಇರುತ್ತಿತ್ತು, ಕಾರಿಗೆಂದು ಪಯೋನಿಯರ್ ಸ್ಟೀರಿಯೋ ಕೂಡ. ಯಕ್ಷಗಾನದ ಡೇರೆಯಲ್ಲಿ ರಂಗಸ್ಥಳದ ಬುಡದವರೆಗೆ ಟೇಪ್ ರೆಕಾರ್ಡರುಗಳು ಬಂದು ಕುಳಿತುಕೊಂಡ ಕಾಲ ಅದು.

ನನ್ನ ಭಾವ ಬೈಂದೂರು ಕಡೆಯಲ್ಲಿ ಹೆಂಚಿನ ವ್ಯಾಪಾರ ಮಾಡಿಕೊಂಡಿದ್ದವರು. 1988ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿಯನ್ನು ಎರಡನೆಯ ಕೈಯಿಂದ ಕೊಂಡರು. ಅದರ ಜೊತೆಗೇ ಬಂದಿದ್ದ ಸ್ಪೀಕರು ಒಂದೇ ಒಂದು, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಕಾಲಿನ ಕಡೆಗೆ ಮುಖ ಮಾಡಿಕೊಂಡು. ಅದರಲ್ಲಿ ಅವರು ಕೇಳುತ್ತಿದ್ದದ್ದು ಒಬ್ಬರನ್ನೇ: ಸಾಲಿಗ್ರಾಮ ಮೇಳದ ಭಾಗವತರಾದ ಗುಂಡ್ಮಿ ಕಾಳಿಂಗ ನಾವಡರನ್ನು. ನಾವಡರು ನನಗಿಂತ ಒಂದೆರಡು ವರ್ಷಕ್ಕೆ ಹಿರಿಯರು. ಆದರೆ ಆ ಹೊತ್ತಿಗಾಗಲೇ ಅವರ ಕಂಠ ಕೇಳಿಯೇ ಡೇರೆಗೆ ಟಿಕೇಟು ಕೊಳ್ಳುವ ಜನರಿದ್ದರು. ‘ನಾಗಶ್ರೀ’ ಪ್ರಸಂಗದ ಕ್ಯಾಸೆಟ್ಟು ನಮ್ಮ ಕಡೆಯ ಎಷ್ಟೋ ಹೋಟೆಲುಗಳಲ್ಲಿ ಬೆಳಗಿನ ಇಡ್ಲಿಯೊಂದಿಗೆ ಆರಂಭವಾಗುತ್ತಿತ್ತು.

ಮಸ್ಕತ್ತಿನಿಂದ ಬಂದ ಸ್ನೇಹಿತರೊಬ್ಬರು ಭಾವನಿಗೆ ಸ್ಟೀರಿಯೋ ತಂದುಕೊಟ್ಟರು. ಜೊತೆಗೆ ಒಂಬತ್ತು ಇಂಚು ಉದ್ದ, ಆರು ಇಂಚು ಅಗಲದ ಮೊಟ್ಟೆಯಾಕಾರದ ಒಂದು ಜೊತೆ ಸ್ಪೀಕರು. ಅದನ್ನು ಕೂರಿಸಿದ ಅಂಗಡಿಯ ಹೆಸರು ಬೇಡ. ಹಿಂದಿನ ಸೀಟಿನ ಬೆನ್ನಿಗಿದ್ದ ಹಲಗೆಯನ್ನು ಗರಗಸದಿಂದ ಕೊರೆದು, ತಂತಿಗಳನ್ನು ಕೈಯಿಂದ ಹೊಸೆದು ಟೇಪು ಸುತ್ತಿ ಕಳಿಸಿದ್ದರು. ಮನೆಗೆ ಬರುವಷ್ಟರಲ್ಲಿ ಹಾಡಿನ ಹಿಂದೆ ಒಂದು ಸಿಳ್ಳು ಕೇಳತೊಡಗಿತು. ಎಂಜಿನ್ನಿನ ವೇಗ ಏರಿದಂತೆ ಸಿಳ್ಳೂ ಏರುತ್ತಿತ್ತು. ಅರ್ಥಿಂಗ್ ತಂತಿಯನ್ನು ತುಕ್ಕು ಹಿಡಿದ ಬೋಲ್ಟಿಗೆ ಕಟ್ಟಿದ್ದೇ ಕಾರಣವೆಂದು ಕಂಡುಹಿಡಿದು, ಬಣ್ಣ ಕೆರೆದು ಶುಭ್ರವಾದ ತಗಡಿಗೆ ಬಿಗಿದವನು ನಾನು. ಬಿ.ಎಡ್. ಪದವಿ ಮನೆಯವರಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲವೆಂದು ಅಕ್ಕ ಬಹಳ ವರ್ಷ ಹೇಳುತ್ತಿದ್ದಳು.

ಸಿಳ್ಳು ಹೋಯಿತು, ಆದರೆ ನನಗೆ ಸಮಾಧಾನವಾಗಲಿಲ್ಲ. ಸಿನಿಮಾ ಹಾಡು ಹಾಕಿದರೆ ಕಾರೇ ಕುಣಿಯುವಂತಿತ್ತು. ಭಾಗವತಿಕೆ ಹಾಕಿದರೆ ಮದ್ದಲೆ ಗುಡಾಣದೊಳಗಿನಿಂದ ಬಂದಂತೆ ಗುಮ್ಮೆನ್ನುತ್ತಿತ್ತು. ಏರುಶ್ರುತಿಯ ಆ ಕಂಠ ಚಂಡೆಯ ಹಿಂದೆ ಎಲ್ಲೋ ಸರಿದುಹೋಗಿತ್ತು. ಮನುಷ್ಯಕಂಠದ ಮಾತು ತಿಳಿಯಲು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳಷ್ಟು ವ್ಯಾಪ್ತಿ ಸಾಕು. ಹಳೆಯ ದೂರವಾಣಿ ಅಷ್ಟನ್ನೇ ಒಯ್ಯುತ್ತಿತ್ತು. ಡ್ಯಾಶ್‌ಬೋರ್ಡಿನಡಿಯ ಆ ಬಡ ಸ್ಪೀಕರೂ ಹೆಚ್ಚುಕಡಿಮೆ ಅಷ್ಟನ್ನೇ ಹೇಳುತ್ತಿತ್ತು, ಹಾಗಾಗಿಯೇ ಕಂಠ ಸ್ಪಷ್ಟವಾಗಿತ್ತು. ಇದನ್ನು ಭಾವನಿಗೆ ಹೇಳಿದೆ. ಹೇಳಬಾರದಿತ್ತು. ಖರ್ಚು ಮಾಡಿದವರ ಎದುರು ಹಳೆಯದನ್ನು ಹೊಗಳುವುದು ಲೋಕಜ್ಞಾನವಲ್ಲ. “ಅಷ್ಟ್ ಚೆಂದ ಇದ್ರೆ ಮಾಷ್ಟ್ರೆ, ನೀವೇ ಇಟ್ಕಣಿ” ಎಂದು ಅದನ್ನು ನನ್ನ ಕೈಗೆ ಕೊಟ್ಟರು. ನಿಮ್ಮ ತರಗತಿಗೆ ಬರುತ್ತಿದ್ದ ಸ್ಪೀಕರು ಅದೇ. ಆಮೇಲೆ ಕೆಲವು ತಿಂಗಳು ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು.

ಇನ್ನೊಂದು ವಿಷಯ. ಹೊಸ ಪೆಟ್ಟಿಗೆಯ ಮೇಲೆ ನೂರಾರು ವಾಟು ಎಂದು ಅಚ್ಚಾಗಿತ್ತು. ನನ್ನ ಹಳೆಯ ಚಾಳಿ ಬಿಡದು, ಲೆಕ್ಕ ಮಾಡೋಣ. ಕಾರಿನ ಬ್ಯಾಟರಿ 12 ವೋಲ್ಟ್, ಸ್ಪೀಕರಿನ ರೋಧ 4 ಓಮ್. ಸಾಮಾನ್ಯ ಜೋಡಣೆಯಲ್ಲಿ ಅಲೆಯ ಶೃಂಗಕ್ಕೆ ಸಿಗುವುದು 6 ವೋಲ್ಟ್. ಅದರಿಂದ ಹುಟ್ಟುವ ಸಾಮರ್ಥ್ಯ ನಾಲ್ಕೂವರೆ ವಾಟು. ಎರಡು ಆಂಪ್ಲಿಫೈಯರುಗಳನ್ನು ಎದುರುಬದುರು ಜೋಡಿಸಿದರೆ 18 ವಾಟು. ಅದಕ್ಕಿಂತ ಬಹಳ ಹೆಚ್ಚು ಬೇಕಾದರೆ ವೋಲ್ಟೇಜನ್ನು ಏರಿಸುವ ಪ್ರತ್ಯೇಕ ಆಂಪ್ಲಿಫೈಯರು ಬೇಕು. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಿ ಹಣ ಕೊಡಬೇಡಿ ಎಂದು ಅಳಿಯನಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ.

1990ರ ಮೇ ತಿಂಗಳಲ್ಲಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಮೂವತ್ತರ ಆಸುಪಾಸು. ಕುಂದಾಪುರದ ಅಂಗಡಿಗಳ ಮುಂದೆ ಜನ ಗುಂಪುಗೂಡಿ ಸುಮ್ಮನೆ ನಿಂತದ್ದನ್ನು ನಾನು ಕಂಡಿದ್ದೇನೆ. ಕೆಲವು ದಿನಗಳ ಬಳಿಕ ಭಾವ ನನ್ನನ್ನು ಮರವಂತೆಯವರೆಗೆ ಕಾರಿನಲ್ಲಿ ಕರೆದೊಯ್ದರು. ಕ್ಯಾಸೆಟ್ಟು ಹಾಕುವ ಮೊದಲು ಅವರ ಕೈ ಬಾಸ್ ಗುಂಡಿಯ ಮೇಲೆ ಹೋಗಿ ಅದನ್ನು ಪೂರ್ತಿ ಎಡಕ್ಕೆ ತಿರುಗಿಸಿತು. ನಾನು ಸಮುದ್ರದ ಕಡೆ ನೋಡುತ್ತಾ ಕುಳಿತೆ. ಅವರು ಏನೂ ಹೇಳಲಿಲ್ಲ.

ಆ ಸ್ಪೀಕರುಗಳೂ ಹೆಚ್ಚು ವರ್ಷ ಬಾಳಲಿಲ್ಲ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ, ಉಳಿದ ದಿನ ಉಪ್ಪುಗಾಳಿ. ಕಾಗದಕ್ಕೆ ಬೂಷ್ಟು, ಕಬ್ಬಿಣದ ಚೌಕಟ್ಟಿಗೆ ತುಕ್ಕು. ಪ್ಲಾಸ್ಟಿಕ್ಕಿನ ಶಂಕು, ರಬ್ಬರಿನ ಅಂಚು ನಮ್ಮ ಕರಾವಳಿಗೆ ವಾಸಿ.

ಅಳಿಯನ ಮಿಯಾಟಾದ ಸಮಸ್ಯೆ ಬೇರೆ. ಆ ಕಾರಿನ ಕೆಲವು ಮಾದರಿಗಳಲ್ಲಿ, ಮಾಡು ತೆರೆದಾಗಲೂ ಕೇಳಿಸಲಿ ಎಂದು, ತಲೆಯಾನಿಸುವ ದಿಂಬಿನೊಳಗೇ ಪುಟ್ಟ ಸ್ಪೀಕರು ಇಟ್ಟಿರುತ್ತಾರೆ. ಉಳಿದವು ಬಾಗಿಲಿನಲ್ಲಿ. ಬಾಗಿಲಿನ ಪೊಳ್ಳೇ ಸ್ಪೀಕರಿನ ಪೆಟ್ಟಿಗೆ. ತೆಳುವಾದ ತಗಡು ತಾನೂ ಅದುರಿ ಹಾಡಿನಲ್ಲಿ ಪಾಲು ಕೇಳುತ್ತದೆ. ಬಂಗಾಳಿ ತಂದೆಯ ಮಗನಾದ ಅಮರ್ ಬೋಸ್ ಅಮೆರಿಕದಲ್ಲಿ 1964ರಲ್ಲಿ ಸ್ಥಾಪಿಸಿದ ಕಂಪನಿ ಎಂಬತ್ತರ ದಶಕದ ಆರಂಭದಲ್ಲಿ ಜನರಲ್ ಮೋಟರ್ಸಿನೊಂದಿಗೆ ಸೇರಿ ಮಾಡಿದ ದೊಡ್ಡ ಕೆಲಸವೆಂದರೆ, ಒಂದೊಂದು ಕಾರಿನ ಒಳಾಂಗಣವನ್ನೂ ಅಳೆದು ಅದಕ್ಕೆಂದೇ ಧ್ವನಿವ್ಯವಸ್ಥೆ ರೂಪಿಸಿದ್ದು. ಹಾಗೆ ಅಳೆಯದೆ ಬರೀ ದುಬಾರಿ ಸ್ಪೀಕರು ಕೂರಿಸಿದರೆ ಭಾವನ ಪದ್ಮಿನಿಯ ಕಥೆಯೇ. ಅಳಿಯ ಬಾಗಿಲು ಬಿಚ್ಚಿ ನೋಡಿದಾಗ ಹಳೆಯ ಸ್ಪೀಕರಿನ ಸ್ಪಂಜಿನ ಅಂಚು ಬೆರಳಿಗೆ ಪುಡಿಯಾಗಿ ಬಂತಂತೆ. ತಗಡಿಗೆ ಒಳಗಿನಿಂದ ರಬ್ಬರಿನಂತಹ ಹಾಳೆ ಅಂಟಿಸು, ನೀರು ತಡೆಯುವ ಪ್ಲಾಸ್ಟಿಕ್ ಪರದೆಯನ್ನು ಹರಿಯಬೇಡ, ಬಾಗಿಲ ಬುಡದ ನೀರಿಳಿಯುವ ತೂತುಗಳನ್ನು ಮುಚ್ಚಬೇಡ ಎಂದೆ. ಆರೂವರೆ ಇಂಚಿನ ಒಂದು ಜೊತೆ, ಕಿವಿಯ ಮಟ್ಟಕ್ಕೆ ಎರಡು ಟ್ವೀಟರು. ಬಾಸಿಗೆಂದು ಪ್ರತ್ಯೇಕ ಪೆಟ್ಟಿಗೆ ಬೇಡವೆಂದು ಅವನೇ ತೀರ್ಮಾನಿಸಿದ.

ಭಾವ 2009ರಲ್ಲಿ ತೀರಿಕೊಂಡರು. ಅವರು ಡೇರೆಯಲ್ಲಿ ಕುಳಿತು ತಾವೇ ಧ್ವನಿಮುದ್ರಿಸಿಕೊಂಡಿದ್ದ ನಾವಡರ ಒಂದು ಕ್ಯಾಸೆಟ್ಟು ಅಕ್ಕನ ಬಳಿ ಉಳಿದಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿ ಅಳಿಯನಿಗೆ ಕಳಿಸಿದೆ. ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ಅವನ ಫೋನು. ಕಾರು ನಿಲ್ಲಿಸಿ, ಮಾಡು ಮುಚ್ಚಿ ಕೇಳುತ್ತಿದ್ದನಂತೆ. ಒಂದು ಪದ್ಯ ಮುಗಿದು ಚಂಡೆ ನಿಂತ ಕ್ಷಣದಲ್ಲಿ ಯಾರೋ ಟೇಪಿನ ಹತ್ತಿರದಲ್ಲೇ ಪಿಸುಗುಟ್ಟಿದ ಹಾಗೆ ಕೇಳುತ್ತದೆ, ನೀವೂ ಕೇಳಿ ಎಂದು ಫೋನನ್ನು ಸ್ಪೀಕರಿಗೆ ಹಿಡಿದ. ಫೋನಿನಲ್ಲಿ ನನಗೇನೂ ತಿಳಿಯಲಿಲ್ಲ. ಎದ್ದು ಹೆಡ್‌ಫೋನು ಹಾಕಿಕೊಂಡು ಆ ಜಾಗವನ್ನು ಹುಡುಕಿ ಮೂರು ಸಲ ಕೇಳಿದೆ. “ನಿದ್ರಿ ಬಂತಾ ಮಗಾ? ಇಲ್ಲೇ ಮನಿಕೊ.” ಭಾವನದೇ ಧ್ವನಿ. ಮಗನಿಗೆ ಆಗ ಐದು ವರ್ಷ. ಪದ್ಮಿನಿಯಲ್ಲಿ ಆ ಕ್ಯಾಸೆಟ್ಟನ್ನು ಎಷ್ಟೋ ಸಲ ಹಾಕಿದ್ದೇವೆ, ನಮಗೆ ಯಾರಿಗೂ ಅದು ಕೇಳಿಸಿರಲಿಲ್ಲ.

ಬೆಳಗಾದ ಮೇಲೆ ಅಕ್ಕನ ಮನೆಗೆ ಹೋಗಿ ಅವಳ ಕಿವಿಗೆ ಹೆಡ್‌ಫೋನು ಇಟ್ಟೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೌದ್. ಆ ದಿನ ಕಂಬ್ಳಿ ತಕಂಡ್ ಹೋಪುಕೇ ಮರ್ತ್ ಹೋಯ್ತ್” ಎಂದಳು.